ಹನ್ನೊಂದು ದಿನ

ಆ ಪತ್ರ ಟೈಪು ಮಾಡಿದವಳು ನಾನೇ, ನಿರಾಪದ ಬಾಬು.
‘ಪೂರ್ಣ ಮತ್ತು ಅಂತಿಮ’ ಎಂದು ಹೊಡೆದು,
ಕೆಳಗೆ ಗೆರೆ ಎಳೆದು, ಸಾಹೇಬರ ಮುಂದಿಟ್ಟವಳು.
ಅವತ್ತು ಮಾಘದ ಚಳಿ. ಹೌರಾದಿಂದ ಲಾಂಚು ಹಿಡಿದು ಬಂದಿರಿ,
ಕೈಯಲ್ಲಿ ಖರ್ಜೂರಬೆಲ್ಲದ ಸಂದೇಶದ ಪೊಟ್ಟಣ.
ಬಾಗಿಲ ಬಂದೂಕಿನವನಿಗೂ ಒಂದು ಕೊಟ್ಟಿರಿ.
‘ಚರಂಡಿಯ ಮುಚ್ಚಳ ಯಾಕಮ್ಮಾ ದುಂಡಗೆ?’ ಎಂದಿರಿ.
ನಾನು ಸುಮ್ಮನೆ ನಕ್ಕೆ.
‘ಹೇಗೆ ತಿರುಗಿಸಿದರೂ ತನ್ನ ಗುಂಡಿಗೆ ತಾನೇ ಬೀಳಬಾರದು, ಅದಕ್ಕೆ.’
ನಲವತ್ತು ವರ್ಷ ಎರಕ ಹೊಯ್ದ ಕೈ
ಕಾಗದ ಮಡಿಸುವಾಗ ನಡುಗಿತು.

ಕೊನೆಯ ಕಂತಿಗೆ ಗಡುವು ಮಾರ್ಚಿ ಮೂವತ್ತೊಂದು.
ಹಣ ಜಮೆಯಾದದ್ದು ಏಪ್ರಿಲ್ ಹನ್ನೊಂದು.

ಅಷ್ಟು ಸಾಕಾಯಿತು.
ಮಣ್ಣು ಮಾಡಿದ್ದ ಸಾಲ ಮಗ್ಗುಲು ಬದಲಿಸಿ, ಎದ್ದು ಕೂತು
ಹಳೆಯ ಹಸಿವಿನ ಲೆಕ್ಕವನ್ನೆಲ್ಲ ಕೇಳಿತು:
ಬಿಟ್ಟ ಬಡ್ಡಿ, ಬಡ್ಡಿಯ ಬಡ್ಡಿ, ದಂಡದ ಬಡ್ಡಿ,
ವಕೀಲರ ಫೀಜು, ಅದರ ಮೇಲೂ ಬಡ್ಡಿ.
ನಿಮ್ಮವರೆಂದರು: ಹನ್ನೊಂದು ದಿನದ್ದು ಕೊಡುತ್ತೇವೆ, ಎಪ್ಪತ್ತೆರಡು ಸಾವಿರ.
ನಮ್ಮವರೆಂದರು: ಹನ್ನೊಂದು ವರ್ಷದ್ದು, ನಾಲ್ಕೂಮುಕ್ಕಾಲು ಕೋಟಿ.
ನಡುವೆ ನ್ಯಾಯಮಂಡಳಿಯ ಫ್ಯಾನು.
ತಾರೀಖಿನಿಂದ ತಾರೀಖಿಗೆ ಆರು ವರ್ಷ ತಿರುಗಿತು.
ನಿಮ್ಮ ಕುಲುಮೆ ಆರಿದ ತಾರೀಖು
ಯಾವ ಫೈಲಿನಲ್ಲೂ ಇಲ್ಲ.

ನನ್ನನ್ನು ಸಾಕ್ಷಿಗೆ ಕರೆದರು.
ಪತ್ರ ನಿಮ್ಮ ಬ್ಯಾಂಕಿನದೇ? ಹೌದು.
ಗಡುವಿನೊಳಗೆ ಹಣ ಖಾತೆಗೆ ಬಂತೆ? ಇಲ್ಲ.
ಸಾಕು, ಇಳಿಯಿರಿ.

ಆವರೆಗೆ ಎಲ್ಲಿತ್ತು ಹಣ, ಯಾರೂ ಕೇಳಲಿಲ್ಲ.
ಎಲ್ಲಿತ್ತು ಗೊತ್ತೆ, ನಿರಾಪದ ಬಾಬು?
ರಾಟರ್‌ಡ್ಯಾಮಿನ ಗಿರಾಕಿ ಇಪ್ಪತ್ತೆಂಟಕ್ಕೇ ಕಳಿಸಿದ್ದ.
ನಮ್ಮದೇ ಬ್ಯಾಂಕು, ನಮ್ಮದೇ ಕಟ್ಟಡ, ಮೂರನೆಯ ಮಹಡಿ,
ವಿದೇಶಿ ವಿನಿಮಯದ ಮೇಜಿನ ಮೇಲೆ
ಒಂದು ಮೊಹರು ಕಡಿಮೆಯೆಂದು ಕೂತಿತ್ತು.
ಮೊಹರಿನವನು ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿದ್ದ.
ನಾನು ದಿನಾ ನಾಲ್ಕಕ್ಕೆ ಚಹಾ ಕುಡಿಯುವುದು ಆ ಮಹಡಿಯಲ್ಲೇ.
ಕಾಗದವನ್ನು ಕಂಡಿದ್ದೆ. ಅದರ ಮೇಲೆ ಲೋಟ ಇಟ್ಟಿದ್ದೆನೋ ಏನೋ.

ಕಟಕಟೆಯಿಂದ ಇಳಿಯುವಾಗ ನೀವು ಕೈ ಮುಗಿದಿರಿ,
ಸಾಹೇಬರಿಗಲ್ಲ, ನನಗೆ;
ಇದ್ದದ್ದನ್ನು ಇದ್ದಂತೆ ಹೇಳಿದಳೆಂದು.
ಇದ್ದದ್ದರಲ್ಲಿ ಅರ್ಧ
ಗಂಟಲಲ್ಲೇ ತಣಿದು ಗಟ್ಟಿಯಾಗಿತ್ತು.

ಹೊರಗೆ, ಟ್ರಾಮಿನ ಹಳಿಯ ಪಕ್ಕ, ನಿಮ್ಮದೊಂದು ಮುಚ್ಚಳ.
‘ಕರ್ಮಕಾರ್, ಹೌರಾ’: ಅಕ್ಷರ ಸವೆದಿದೆ, ಅಂಚು ಸವೆದಿಲ್ಲ.
ಸುತ್ತುಹಾಕಿ ನಡೆಯುತ್ತೇನೆ.
ಮುಂದಿನ ತಾರೀಖು ಹತ್ತೊಂಬತ್ತು.