ಬತ್ತಾಸು

ಡಾಕ್ಟರಮ್ಮ ಹತ್ತಕ್ಕೆ ಬರ್ತೀನಿ ಅಂದಿದ್ದರು.
ಅಷ್ಟರೊಳಗೆ ಲಾಳ ಕಳಚಬೇಕು ಅಂತ
ಬುಡೇನಣ್ಣ ಏಳಕ್ಕೇ ಬಂದ,
ಸೈಕಲ್ಲಿನ ಕ್ಯಾರಿಯರ್‌ಗೆ ಇಕ್ಕಳ, ಅರ ಕಟ್ಟಿಕೊಂಡು.
'ಕಬ್ಬಿಣ ಹೊತ್ಕೊಂಡು ಮಣ್ಣಿಗೆ ಹೋಗಬಾರದಮ್ಮ' ಅಂದ.
ಚಹಾ ಕೊಟ್ಟೆ. ಕುಡಿಯಲಿಲ್ಲ.

ಮಂಡ್ಲಿಯ ಇಟ್ಟಿಗೆ ಭಟ್ಟಿಯ ಹಿಂದೆ
ಗುಂಡಿ ತೋಡಿ ಆಗಿತ್ತು. ಜೆಸಿಬಿಯವನು
'ಎಷ್ಟು ಉದ್ದ ಅಕ್ಕ?' ಅಂದಾಗ
ಎರಡೂ ಕೈ ಚಾಚಿದ್ದೆ; ಸಾಲಲಿಲ್ಲ.

ಮೂರು ದಿನದಿಂದ ಮಲಗಿದಲ್ಲೇ ಇತ್ತು.
ಆದರೂ ಬುಡೇನಣ್ಣ ಗೊರಸು ತಟ್ಟಿದ್ದೇ
ಮೊದಲ ಕಾಲು ಮಡಚಿ ಕೊಟ್ಟಿತು,
ಲೆಕ್ಕ ಚುಕ್ತಾ ಮಾಡುವವರ ಹಾಗೆ.
ನೋವಿನ ಕಾಲನ್ನು ಕಡೆಗಿಟ್ಟುಕೊಂಡೆವು.
ನನ್ನ ತೊಡೆಯ ಮೇಲೆ ಆ ಗೊರಸು,
ಆಗಷ್ಟೇ ಕೆಂಡದಿಂದ ತೆಗೆದ ಗೆಣಸಿನ ಬಿಸಿ.

ಹದಿನೆಂಟು ವರ್ಷ. ಎಷ್ಟು ಮದುಮಕ್ಕಳೋ.
ಸೂಟಿನವರು, ಜರಿಪೇಟದವರು,
'ಒದೆಯಲ್ಲ ತಾನೇ?' ಅಂತ ನಡುಗಿದವರು.
ವಿನೋಬನಗರದವನೊಬ್ಬ
ಬೆನ್ನ ಮೇಲೇ ಅತ್ತ. ಯಾಕೆ ಅಂತ
ನಾನು ಕೇಳಲಿಲ್ಲ; ಇದು ಮಾತ್ರ
ಅವತ್ತು ಹೆಜ್ಜೆ ಸಣ್ಣ ಮಾಡಿತು.

ತಿಪ್ಪೇಶಿ ಇದ್ದಾಗ ಲಗಾಮು ಅವನ ಕೈಲಿ.
ಅವನು ಹೋದಮೇಲೆ ಛತ್ರದವರು ಅಂದರು,
'ಹೆಂಗಸು, ಅದೂ ಗಂಡ ಸತ್ತವಳು,
ದಿಬ್ಬಣದ ಮುಂದೆ ಬೇಡ.'
ಬೇರೆಯವನ ಕೈಗೆ ಕೊಟ್ಟು ಕಳಿಸಿದೆ.
ಗಾಂಧಿ ಬಜಾರಿನ ನಡುರಸ್ತೆಯಲ್ಲಿ ನಿಂತುಬಿಟ್ಟಿತಂತೆ,
ಮೇಲೆ ಮದುಮಗ, ಹಿಂದೆ ಸಿಟಿ ಬಸ್ಸು,
ನಾನು ಓಡಿ ಬರುವವರೆಗೆ.
ಆಮೇಲೆ ಯಾರೂ ಮಾತಾಡಲಿಲ್ಲ.
ಬೆಲ್ಲ, ಹುರುಳಿ ಎಲ್ಲ ಬಿಟ್ಟು
ಮದುವೆಮನೆಯ ಬತ್ತಾಸಿಗೇ ಬಾಯಿ ಹಾಕುತ್ತಿದ್ದ ಜಾತಿ ಇದು.

ಬ್ಯಾಂಡಿನ ಸದ್ದಿಗೆ ಬೆದರದಿರಲಿ ಅಂತ
ಕಿವಿಗೆ ಹತ್ತಿ ಇಡುವುದು ರೂಢಿ.
ಹತ್ತಕ್ಕೆ ಗೇಟು ಕಿರ್ರ್ ಅಂದಿತು;
ಕೈ ತಾನೇ ಹತ್ತಿ ಹುಡುಕಿತು.
ಎರಡೂ ಕಿವಿಗೆ ಇಟ್ಟೆ.
ಡಾಕ್ಟರಮ್ಮ ಸಿರಿಂಜು ತುಂಬುವಷ್ಟರಲ್ಲಿ
ಏನೋ ತೋಚಿ, ಒಂದನ್ನು ತೆಗೆದೆ.

ಪ್ರತಿ ದಿಬ್ಬಣ ಮುಗಿದ ಮೇಲೆ
ಛತ್ರದ ಬಾಗಿಲಲ್ಲಿ ಹೇಳುತ್ತಿದ್ದುದನ್ನೇ ಹೇಳಿದೆ:
'ಇಳಿದ ಕಣೇ. ಇಳಿದಾಯ್ತು.
ಇನ್ನು ಬೆನ್ನು ಖಾಲಿ.'

ಅದಕ್ಕೆ ಮೈ ಕೊಡವಿತು, ಎಂದಿನಂತೆ.
ಕುತ್ತಿಗೆಯವರೆಗೆ ಮಾತ್ರ.

ಬುಡೇನಣ್ಣ ಆರಿದ ಚಹಾ ಒಂದೇ ಗುಟುಕಿಗೆ ಕುಡಿದು
ದುಡ್ಡು ಮುಟ್ಟದೆ ಸೈಕಲ್ ಹತ್ತಿದ.
ಪಕ್ಕದ ಮನೆಯಾಕೆ ಸಂಜೆ ಬಂದು
'ಹೊಸಿಲಿಗೆ ಹೊಡೆಯೋಕೆ ಒಂದು ಲಾಳ ಕೊಡ್ತೀಯೇನೇ,
ಒಳ್ಳೇದಾಗುತ್ತಂತೆ' ಅಂದಳು.
ಕೊಟ್ಟೆ. ಎಡಗಾಲಿನದು, ತೀರಾ ಸವೆದದ್ದು.

ಹತ್ತಿ ಇನ್ನೂ ಸೆರಗಿನ ತುದಿಯಲ್ಲಿದೆ,
ಒಂದು ಕಿವಿಯದು.