ಗಾಯವಾದ ದಿನಾಂಕ

ಹಾಸನದಲ್ಲಿ ಮಂಡಿ ಅಂದರೆ ಮೊದಲು
ಆಲೂಗಡ್ಡೆ ಮಂಡಿಯೇ ನೆನಪಾಗುವುದು.
ಹವಾಲ್ದಾರ್ ಕಾಂತರಾಜು, ಕಟ್ಟಾಯ ಹೋಬಳಿ,
ನನ್ನಂಗಡಿಯ ಮೂರು ಮೆಟ್ಟಿಲನ್ನು
ಏಡಿಯ ಹಾಗೆ ಅಡ್ಡಡ್ಡ ಹತ್ತಿ ಬಂದು
"ಮಂಡಿ ಕೇಸು, ಬಾಬು ಸಾಬ್" ಅಂದಾಗ
"ಯಾವ ದಲ್ಲಾಳಿ?" ಅಂತ ಕೇಳಿಬಿಟ್ಟಿದ್ದೆ.

ನಕ್ಕ. ಸ್ಟೂಲು ಎಳೆದು ಕೊಟ್ಟೆ.
ಅವನು ಕೂರುವಾಗ ಆದ ಸದ್ದು
ಒಣಗಿದ ಅವರೆಕಾಯಿ ತುಳಿದ ಹಾಗೆ.
ಸ್ಟೂಲಿನದಲ್ಲ.

ಫಾರಂ ತೆಗೆದೆ. ಏಳನೆಯ ಕಾಲಂ:
ಗಾಯವಾದ ದಿನಾಂಕ.
"ಯಾವತ್ತೂ ಬೀಳಲಿಲ್ಲ ಬಾಬು ಸಾಬ್.
ಗುಂಡು ತಾಗಲಿಲ್ಲ. ಜೀಪು ಮಗುಚಲಿಲ್ಲ.
ಬೆನ್ನ ಮೇಲೆ ಮೋರ್ಟಾರಿನ ಬೇಸ್ ಪ್ಲೇಟು,
ಹತ್ತಿದೆ, ಇಳಿದೆ. ಮಾರನೇ ದಿನ ಹತ್ತಿದೆ, ಇಳಿದೆ.
ಇಳಿಯುವಾಗಲೇ ಜಾಸ್ತಿ ತಿನ್ನೋದು.
ಹತ್ತೋದಕ್ಕೆ ಉಸಿರು ಸಾಕು,
ಇಳಿಯೋದಕ್ಕೆ ಮಂಡಿಯೇ ಬೇಕು."

ಹಿಂದಿನ ಬೋರ್ಡಿನ ತೀರ್ಪು, ಮಡಿಕೆಯಲ್ಲಿ ಹರಿದದ್ದು:
ಸವೆತ, ವಯೋಸಹಜ.
ಸೇವೆಯಿಂದ ಉಂಟಾದುದಲ್ಲ,
ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ.
ವಯಸ್ಸು ಮೂವತ್ತೊಂಬತ್ತು.
"ಊರಲ್ಲಿ ಗೆಯ್ಮೆ ಮಾಡಿದ್ದೀಯಾ ಅಂದರು. ಹೂಂ ಅಂದೆ.
ನಿಮ್ಮ ಜಿಲ್ಲೇಲಿ ಬೆಳಗೊಳದ ಬೆಟ್ಟ ಇದೆಯಲ್ಲ, ಹತ್ತಿದ್ದೀಯಾ ಅಂದರು.
ಏಳನೇ ಕ್ಲಾಸಲ್ಲಿ, ಒಂದು ಸಲ ಅಂದೆ.
ಅದನ್ನೂ ಬರಕೊಂಡರು."

ಆ ಎರಡು ಸಾಲು ನನಗೆ ಬಾಯಿಪಾಠ.
ಹದಿನೇಳು ವರ್ಷ ಅದನ್ನೇ ಬಡಿದವನು ನಾನು,
ಮಿಲಿಟರಿ ಆಸ್ಪತ್ರೆಯಲ್ಲಿ, ಬೋರ್ಡಿನ ಕ್ಲರ್ಕು.
ಡಾಕ್ಟರು ತಲೆಯಾಡಿಸಿದರೆ ಸಾಕು, ಬೆರಳು ತಾನೇ ಓಡುತ್ತಿತ್ತು.
ಎಷ್ಟು ಮಂಡಿ, ಎಷ್ಟು ಸೊಂಟ, ಎಷ್ಟು ಕಿವಿ,
ಲೆಕ್ಕ ಇಟ್ಟಿಲ್ಲ. ಟೈಪಿಸ್ಟಿಗೆ
ತಪ್ಪಿಲ್ಲದ ಪುಟವಷ್ಟೇ ಮುಖ್ಯ.
ಕಾಂತರಾಜುಗೆ ಇದನ್ನು ಹೇಳಿಲ್ಲ.
ಪುಟಕ್ಕೆ ಇಪ್ಪತ್ತು ರೂಪಾಯಿ ತಗೊಳ್ಳುತ್ತೇನೆ,
ಮಂಡಿ ಕೇಸಿಗೆ ಹತ್ತು.
ಯಾಕೆ ಅಂತ ಯಾರೂ ಕೇಳುವುದಿಲ್ಲ.

ದಾಖಲೆ ಬೇಕು, ಅಂದೆ. ಸಿಕ್ ರಿಪೋರ್ಟು?
"ಮಂಡಿ ನೋವು ಅಂದರೆ ಪಲ್ಟನ್ನಿನಲ್ಲಿ ನಗೋರು.
ಮಾತ್ರೆ ನುಂಗಿ ಲೈನಿಗೆ ನಿಲ್ಲುತ್ತಿದ್ದೆ."
ಮನೆಗೆ ಬರೆದ ಕಾಗದ?

ಮಾರನೇ ದಿನ ಅವನ ಹೆಂಡತಿ ಇಂದ್ರಮ್ಮ
ಬಿಸ್ಕತ್ತಿನ ಡಬ್ಬ ತಂದಿಟ್ಟಳು.
ನಲವತ್ತಾರು ಇನ್‌ಲ್ಯಾಂಡ್ ಕಾಗದ.
ಎಲ್ಲದರ ಮೊದಲ ಸಾಲು: ನಾನು ಇಲ್ಲಿ ಕ್ಷೇಮ.
ನಲವತ್ತಾರು ಸಾರಿ ಕ್ಷೇಮ!
ಸರ್ಕಾರಿ ವಕೀಲನಿಗೆ ಇದಕ್ಕಿಂತ ಸಾಕ್ಷಿ ಬೇಡ.
ಡಬ್ಬ ಮುಚ್ಚುವುದರಲ್ಲಿದ್ದೆ.
ಅವಳೇ ಒಂದು ಮಡಿಕೆ ಬಿಡಿಸಿ
ಮೂಲೆಯಲ್ಲಿ ಬೆರಳಿಟ್ಟಳು:
"ರಜ ಮುಗಿಸಿ ಬರೋ ರಂಗಸ್ವಾಮಿ ಕೈಲಿ ಹರಳೆಣ್ಣೆ ಕಳಿಸು."
ಇನ್ನೊಂದು: "ಹರಳೆಣ್ಣೆ ಮುಗಿಯಿತು."
ಇನ್ನೊಂದು: "ಈ ಸಲ ಎರಡು ಬಾಟ್ಲಿ."
ಹನ್ನೊಂದು ಕಾಗದ, ಒಂಬತ್ತು ವರ್ಷ.
"ನಾನು ತಲೆಗೆ ಅಂದುಕೊಂಡಿದ್ದೆ ಅಣ್ಣಾ," ಅಂದಳು.
"ಪಾಪಿ, ಒಂದು ಮಾತು ಬರೀಬಾರದಿತ್ತಾ."

ಅನುಬಂಧ ಐದು ಅಂತ ಗುರುತು ಹಾಕಿದೆ.
ಇಂಗ್ಲಿಷಿಗೆ ಇಳಿಸುವಾಗ ಬೆರಳು ನಿಂತಿತು.
ಕ್ಯಾಸ್ಟರ್ ಆಯಿಲ್ ಅಂತ ಓದಿ ಬೋರ್ಡಿನವರು
ಮಲಬದ್ಧತೆ ಅಂದುಬಿಟ್ಟರೆ?
ಅಡಿಟಿಪ್ಪಣಿ ಸೇರಿಸಿದೆ: ನಮ್ಮ ಕಡೆ ಇದನ್ನು
ಬಿಸಿ ಮಾಡಿ ಮಂಡಿಗೆ ತಿಕ್ಕುವ ರೂಢಿಯುಂಟು.
ಭರ್ತಿಯ ದಿನ ಮಂಡಿ ಎರಡೂ ಸರಿಯಿದ್ದವೆಂಬ ಮೊಹರು
ಅನುಬಂಧ ಒಂದರಲ್ಲಿದೆ, ದಯವಿಟ್ಟು ನೋಡುವುದು.

ಏಳನೆಯ ಕಾಲಂ ಹಾಗೇ ಉಳಿದಿತ್ತು. ಅರ್ಧ ಇಂಚು ಜಾಗ.
ಭರ್ತಿಯಾದ ತಾರೀಕು ಹೊಡೆದೆ, ಅಡ್ಡಗೆರೆ ಎಳೆದೆ,
ಬಿಡುಗಡೆಯ ತಾರೀಕು ಹೊಡೆದೆ.
ಆಮೇಲೆ, ಪ್ರತಿದಿನ.
ಆಮೇಲೆ, ಹಳೆ ಚಾಳಿ, ರಜೆ ಕಳೆದು.
ಗೆರೆ ದಾಟಿ ಎಂಟನೆಯ ಕಾಲಂಗೆ ನುಗ್ಗಿತು.
ತಪ್ಪು ಪುಟ. ತಿದ್ದಲಿಲ್ಲ.

ಹೊರಟರು. ಇಂದ್ರಮ್ಮ ಮೊದಲು ಇಳಿದು
ಹೆಗಲು ಕೊಟ್ಟು ನಿಂತಳು. ಅವನು ಒಂದು ಇಳಿದ,
ಸುಧಾರಿಸಿಕೊಂಡ, ಎರಡು ಇಳಿದ.
ಮೂರನೆಯದಕ್ಕೆ ನಾನೂ ಎದ್ದು ಓಡಿದೆ.
ಕುರ್ಚಿಯಲ್ಲೇ ಸಿಪಾಯಿಯಾಗಿದ್ದವನ ಮಂಡಿ
ಒಂದಿಷ್ಟೂ ಸದ್ದು ಮಾಡಲಿಲ್ಲ.