ಹದಿನೆಂಟು ಗ್ರಾಂ

ಹಾವೇರಿಯಿಂದ ನಾಲ್ಕು ದಿನದ ತಪಾಸಣೆಗೆ ಬಂದವನು ನಾನು,
ಅಳತೆ ಮತ್ತು ತೂಕದ ಇಲಾಖೆಯವನು.
ಚೀಲದಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಮಖಮಲ್ಲಿನಲ್ಲಿ
ದೊಡ್ಡದರಿಂದ ಸಣ್ಣದಕ್ಕೆ, ಫೋಟೋಕ್ಕೆ ಕೂತ ಸಂಸಾರದ ಹಾಗೆ,
ಹಿತ್ತಾಳೆಯ ತೂಕದ ಕಲ್ಲುಗಳು.
ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆವರಿಗೂ ತೂಕವಿದೆ.

ಕಾರವಾರದಲ್ಲಿ ಬೆವರದ ವಸ್ತು ಇಲ್ಲ.
ಲಾಡ್ಜಿನ ಗೋಡೆ, ಬೆಂಕಿಪೊಟ್ಟಣ,
ರಸೀದಿ ಪುಸ್ತಕದ ಕಾರ್ಬನ್ನು.
ಮೊದಲ ಸಂಜೆ ಕಾಳಿಯ ಮೇಲೆ,
ಕುಸಿದ ಸೇತುವೆಯ ಪಕ್ಕದ ಸೇತುವೆಯಲ್ಲಿ
ರಿಕ್ಷಾ ನಿಧಾನಿಸಿ ರುಜಾರ್ ಕೈ ಚಾಚಿದ:
ಆಚೆ ದಡ ಸದಾಶಿವಗಡ.
ಈಚೆ, ಹೊಳೆ ಹಿಡಿದು ಮೇಲೆ ಹೋದರೆ ಕಡವಾಡ,
ಇಂಗ್ಲಿಷರ ಕೋಠಿ ಇತ್ತಂತೆ, ಕಾಳುಮೆಣಸು, ಬಟ್ಟೆ, ಏನೇನೋ.
ಈಗೇನಿದೆ ಎಂದೆ.
ಈಗ ಸೊಳ್ಳೆ ಇದೆ ಸರ್, ಎಂದ.

ನನಗೆ ಬೇರೆಯದೇ ಪ್ರಶ್ನೆ, ಕಸುಬಿನ ರೋಗ:
ಆ ಮೆಣಸು ಕೂತದ್ದು ಯಾರ ತಕ್ಕಡಿಯಲ್ಲಿ?
ಮುಳ್ಳಿನ ಹತ್ತಿರ ಇದ್ದ ಬೆರಳು ಯಾರದು?

ಮರುದಿನ ಮೀನು ಮಾರ್ಕೆಟ್ಟು.
ಶೇವಂತಿ ಹರಿಕಂತ್ರ
ಬಂಗಡೆಯ ಕಿವಿರು ಬಿಡಿಸಿ ಗಿರಾಕಿಗೆ ತೋರಿಸುತ್ತಿದ್ದವಳು
ನನ್ನ ಗುರುತಿನ ಚೀಟಿಯನ್ನೂ ಹಾಗೇ ನೋಡಿದಳು,
ತಾಜಾ ಹೌದೋ ಅಲ್ಲವೋ ಎಂದು.
ತಕ್ಕಡಿ ಎಲ್ಲಿ?
"ನಾವು ತೂಗುದಿಲ್ಲ ಸಾಯ್ಬ್ರೆ, ಪಾಲು ಹಾಕುದು.
ನೂರು ರೂಪಾಯಿಗೆ ಎಷ್ಟು ಬಂಗಡೆ ಅಂತ
ದಿನಾ ಬೆಳಿಗ್ಗೆ ಸಮುದ್ರ ಹೇಳ್ತದೆ."

ಸಮುದ್ರಕ್ಕೆ ನೋಟೀಸು ಕೊಡಲು ನನ್ನಲ್ಲಿ ನಮೂನೆ ಇಲ್ಲ.
ಇನ್ನೇನು ಹೊರಡಬೇಕು, ಆಗ ಕಂಡಿತು:
ತಾಡಪತ್ರಿಯ ಮೂಲೆ ಹಾರದಂತೆ ಒತ್ತಿ ಕೂತ
ಕಬ್ಬಿಣದ ಒಂದು ಕಲ್ಲು.
ನೆತ್ತಿಯಲ್ಲಿ ಸವೆದ ಕಿರೀಟ, ಕೆಳಗೆ ಎರಡರ ಅಂಕಿ.
ಎರಡು ರತ್ತಲು.

"ಅದಾ? ಅತ್ತೆಯ ಅತ್ತೆದು.
ಬೈತಖೋಲದ ಧಕ್ಕೆಲಿ ಹತ್ತಿ ಹೊರ್ತಿತ್ತಂತೆ ಅದು.
ಕೂಲಿ ಬದ್ಲು ಕೊಟ್ರೋ, ತಾನೇ ಎತ್ಕೊಂಡು ಬಂತೋ..."
ನಕ್ಕಳು. "ಕೊಟ್ಟಿರುಕಿಲ್ಲ ಬಿಡಿ."

ಹತ್ತಿ ಅಂದಳು.
ನನ್ನ ಮುತ್ತಜ್ಜ ಅರಬೈಲು ಘಾಟು ಇಳಿದದ್ದು
ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಯಲ್ಲಿ.
ಇಳಿದಾಗ ನಾಲ್ಕು ಎತ್ತು, ಹತ್ತಿದಾಗ ಎರಡು.
ಧಾರಣಿ ಚಲೋನ ಇತ್ತು, ತೂಕ ಕೆಟ್ಟಿತ್ತು:
ನಮ್ಮ ಮನೆಯಲ್ಲಿ ಉಳಿದ ಕಥೆ ಇಷ್ಟೇ.
ಅಂಡಿಗೆ ತೂಗುವಾಗ ಕಟ್ಟಕಡೆಗೆ,
ಮುಳ್ಳು ಇನ್ನೂ ಮನಸ್ಸು ಮಾಡದೆ ನಡುಗುತ್ತಿರುವಾಗ,
ಇಡುವುದು ಇಂಥದೇ ಸಣ್ಣ ಕಲ್ಲು.

ಬರಿಗೈಯಲ್ಲೇ ಎತ್ತಿದೆ.
ನನ್ನ ಹಿತ್ತಾಳೆಯ ಸಂಸಾರದೆದುರು ಕೂರಿಸಿದೆ.
ಇರಬೇಕಾದದ್ದು ಒಂಬೈನೂರ ಏಳು.
ಇದ್ದದ್ದು ಎಂಟುನೂರ ಎಂಬತ್ತೊಂಬತ್ತು.
ಹದಿನೆಂಟು ಗ್ರಾಂ. ಉಪ್ಪುಗಾಳಿ ತಿಂದದ್ದೆಷ್ಟು,
ಹೆಂಗಸರ ಅಂಗೈಗಳು ಒರೆಸಿಕೊಂಡದ್ದೆಷ್ಟು?
ಕೊಳ್ಳುವವನ ಕಲ್ಲು ಭಾರ, ಮಾರುವವನದು ಹಗುರ,
ಇಲಾಖೆಯಲ್ಲಿ ಮೊದಲ ದಿನ ಕಲಿಸಿದ ಪಾಠ.
ಹಾಗಾದರೆ ಆ ದಿನ, ಮುತ್ತಜ್ಜನ ದಿನ,
ಇದು ಎಷ್ಟಿತ್ತು?
ಅದನ್ನು ತೂಗುವ ಕಲ್ಲು ನನ್ನ ಪೆಟ್ಟಿಗೆಯಲ್ಲಿಲ್ಲ.

ಕಿರೀಟದ ಮುದ್ರೆ ಈಗ ನಡೆಯುವುದಿಲ್ಲ, ಸಿಂಹದ್ದು ಬೇಕು.
ಜಪ್ತಿ.
ಕಟ್ಟೆಯ ಮೇಲೆ ಪಂಚನಾಮೆ ಬರೆದೆ,
ಹಾಳೆಗೆ ಮೀನಿನ ನೀರು ಹತ್ತಿತು.
'ಮಾಲೀಕರು' ಎಂಬಲ್ಲಿ ಪೆನ್ನು ತುಸು ಹೊತ್ತು ನಿಂತಿತು.
ರುಜಾರ್ ಸಾಕ್ಷಿ ಸಹಿ ಹಾಕಿ, ನನ್ನ ಮುಖ ನೋಡದೆ ಹೋಗಿ ರಿಕ್ಷಾದಲ್ಲಿ ಕೂತ.

ಕಲ್ಲು ಹೋದ ಮೂಲೆಯಲ್ಲಿ
ತಾಡಪತ್ರಿ ಎದ್ದು ಪಟಪಟ ಬಡಿಯಿತು.
ಶೇವಂತಿ ಬಗ್ಗಿ, ಕೆಂಪು ಚಿರೆಕಲ್ಲಿನ ಚೂರೊಂದು ಹುಡುಕಿ,
ಕುಕ್ಕಿ ಇಟ್ಟಳು.
"ಇದಕ್ಕೂ ಮುದ್ರೆ ಬೇಕಾ ಸಾಯ್ಬ್ರೆ?"

ಒಂದು ಪಾಲು ಬಂಗಡೆ ಕೊಂಡೆ, ರುಜಾರನ ಮನೆಗೆಂದು.
ಒಂಬತ್ತು ಇದ್ದವು. ಕೊಸರು ಕೇಳುವ ಮುಖ ಇರಲಿಲ್ಲ.

ರಾತ್ರಿಯ ಬಸ್ಸು. ಅರಬೈಲಿನ ತಿರುವುಗಳಲ್ಲಿ ಕಿವಿ ಕಟ್ಟಿತು.
ತೊಡೆಯ ಮೇಲೆ ಚೀಲ,
ಮಖಮಲ್ಲಿನಲ್ಲಿ ಜಾಗವಿಲ್ಲದೆ
ನನ್ನ ಟವೆಲಿನಲ್ಲಿ ಸುತ್ತಿ ಮಲಗಿದ ಕಬ್ಬಿಣ.
ಎಂಜಿನ್ನು ಎರಡನೆಯ ಗೇರಿಗೆ ಇಳಿದಾಗಲೆಲ್ಲ
ಮುಂದೆ ಆ ಎರಡು ಎತ್ತು ಏದುಸಿರು ಬಿಡುವುದು ಕೇಳುತ್ತಿತ್ತು,
ಅವುಗಳ ಹಿಂದೆ ನಾನು,
ಎಂಟುನೂರ ಎಂಬತ್ತೊಂಬತ್ತು ಗ್ರಾಂ ಹೊತ್ತುಕೊಂಡು.